ಹಿತ್ತಲ ಗಿಡವೂ ಮದ್ದೇ
(ತುಮಕೂರಿನಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರಿಗಾಗಿ ಮಾಡಿದ ಭಾಷಣ)



ಗುಬ್ಬಿ, ಕುಣಿಗಲ್ ಕಡೆಯಿಂದ ಕೂಲಿ, ಮನೆಗೆಲಸ ಎಲ್ಲಾ ಬಿಟ್ಟು ಬಂದಿದ್ದೀರಿ.

'ಹಿತ್ತಲ ಗಿಡ ಮದ್ದಲ್ಲ' ಅಂತ ನಾವೇ ಗಾದೆ ಹೇಳ್ತೀವಿ. ಆದರೆ ಅದರ ಬೆಲೆ ಹೊರಗಿನವರಿಗೆ ಚೆನ್ನಾಗಿ ಗೊತ್ತು. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮಲ್ಲಿ ಯಾವ ಅಜ್ಜಿಗೆ ಗೊತ್ತಿಲ್ಲ? ಇದಕ್ಕೇ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. ಪೇಟೆಂಟ್ ಅಂದರೆ, 'ಕಂಡುಹಿಡಿದವರು ನಾವು, ನಮ್ಮನ್ನು ಕೇಳದೆ ಯಾರೂ ಇದರಿಂದ ವ್ಯಾಪಾರ ಮಾಡಬಾರದು' ಎನ್ನುವ ಹಕ್ಕು. ನಮ್ಮ ದೇಶದ ಸಿ.ಎಸ್.ಐ.ಆರ್. ಸಂಸ್ಥೆ ಹಳೆಯ ಬರಹಗಳ ಪುರಾವೆ ತೋರಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬೇವಿನ ಎಣ್ಣೆಯ ಮೇಲೆ ಯುರೋಪಿನಲ್ಲಿ ಕೊಟ್ಟಿದ್ದ ಪೇಟೆಂಟ್ ಪೂರ್ತಿ ರದ್ದಾಗಲು 2005ರವರೆಗೆ ಹೋರಾಡಬೇಕಾಯಿತು.

ಬರೆದಿಟ್ಟದ್ದು ನಮ್ಮನ್ನು ಕಾಪಾಡಿತು. ನಮ್ಮ ಅಜ್ಜಿಯಂದಿರ ಬಾಯಲ್ಲಿರುವುದನ್ನು ಎಲ್ಲಿ ಬರೆದಿಟ್ಟಿದ್ದೇವೆ?

ದೂರ ಹೋಗುವುದು ಬೇಡ, ಗುಬ್ಬಿ ತಾಲ್ಲೂಕಿನ ಚೇಳೂರನ್ನೇ ನೋಡಿ. ಅಲ್ಲಿ ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರದ ತೊಳೆ ತಾಮ್ರದಂತೆ ಕೆಂಪು. ಹೀಗೆ ಬಿಟ್ಟಿದ್ದರೆ ಯಾರೋ ಕಡ್ಡಿ ಕೊಯ್ದು ಕಸಿಕಟ್ಟಿ ಮಾರುತ್ತಿದ್ದರು. ಆದರೆ 2017ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅವರ ಮಗ ಪರಮೇಶ್ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ತಳಿಗೆ ತಂದೆಯ ನೆನಪಿನಲ್ಲಿ 'ಸಿದ್ದು' ಎಂದೇ ಹೆಸರು. ಸಸಿ ಮಾರಿದ ಹಣದಲ್ಲಿ ನೂರಕ್ಕೆ 75 ಪಾಲು ರೈತರಿಗೆ. ಒಂದೇ ಮರದಿಂದ ಆ ಮನೆಗೆ ಲಕ್ಷಗಟ್ಟಲೆ ರೂಪಾಯಿ ಬಂತು. ಹೆಸರೂ ಉಳಿಯಿತು, ಹಕ್ಕೂ ಉಳಿಯಿತು.

ಕಾನೂನು ನಮ್ಮ ಕಡೆ ಇದೆ. 2001ರ ಕಾಯ್ದೆಯಂತೆ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ತಳಿ, ಮದ್ದುಗಳ ದಾಖಲೆ ಬರೆಯಬೇಕು. ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು. ಎಷ್ಟೋ ಕಡೆ ಸಮಿತಿ ಕಾಗದದ ಮೇಲೆ ಮಾತ್ರ ಇರುತ್ತದೆ. ಅದನ್ನು ಎಬ್ಬಿಸುವವರು ನಾವೇ.

ಹಾಗಾದರೆ ಏನು ಮಾಡೋಣ?

* ಮುಂದಿನ ವಾರದ ಸಂಘದ ಸಭೆಗೆ ಊರಿನ ಹಿರಿಯ ಅಜ್ಜಿಯನ್ನು, ನಾಟಿ ವೈದ್ಯರನ್ನು ಕರೆಯೋಣ.
* ಅವರು ಒಪ್ಪಿದ್ದನ್ನು ಮಾತ್ರ ಅವರ ಹೆಸರು, ತಾರೀಖು ಸಮೇತ ಬರೆದಿಡೋಣ.
* ಗ್ರಾಮಸಭೆಯಲ್ಲಿ ಎದ್ದು ನಿಂತು, 'ನಮ್ಮ ಸಮಿತಿ ಎಲ್ಲಿ? ದಾಖಲೆ ಪುಸ್ತಕ ಎಲ್ಲಿ?' ಎಂದು ಕೇಳೋಣ.
* ಬೇರು, ಬೀಜ, ತೊಗಟೆ ಕೇಳಿಕೊಂಡು ಬಂದವರಿಗೆ, 'ಯಾರಿಗೆ, ಯಾತಕ್ಕೆ?' ಅಂತ ಕೇಳದೆ ಕೊಡುವುದು ಬೇಡ.

ಹತ್ತು ರೂಪಾಯಿ ಉಳಿತಾಯಕ್ಕೂ ಲೆಕ್ಕ ಬರೆಯುವವರು ನಾವು. ದೇವರು ಕೊಟ್ಟ ಈ ಸೃಷ್ಟಿಗೆ, ಹಿರಿಯರು ಕೊಟ್ಟ ಈ ತಿಳುವಳಿಕೆಗೆ ಲೆಕ್ಕ ಇಡದಿದ್ದರೆ ಹೇಗೆ? ಮಕ್ಕಳಿಗೆ ಇದೂ ಒಂದು ಆಸ್ತಿಯೇ.