ಮರಳಿದ ಮೇಲಿನ ಮೊದಲ ವರ್ಷ

ಮೀನುಗಾರಿಕೆ, ಗೇರುಬೀಜ, ಸಾರಿಗೆ, ಹೋಟೆಲು ಎಂದು ನಾನಾ ದುಡಿಮೆಗಳಿಂದ ಶಿರೂರಿಗೆ ಬಂದು ಸೇರಿರುವ ಬಂಧುಗಳೇ,

ಹೃದಯಾಘಾತದ ಬಗ್ಗೆ ನಮ್ಮಲ್ಲೀಗ ಮಾತಿಗೆ ಬರವಿಲ್ಲ. 2025ರ ಮಳೆಗಾಲದ ಆರಂಭದಲ್ಲಿ ಹಾಸನದಿಂದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ರಾಜ್ಯವಿಡೀ ಗಾಬರಿಯಾಯಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರ ಪಾಲು ದೊಡ್ಡದೆಂಬುದು ಅದರಿಂದ ತಿಳಿಯಿತು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಲು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸ್‌ಆ್ಯಪ್‌ನಲ್ಲೇ ತಜ್ಞರ ಸಲಹೆ ಸಿಗುವ ಹಾಗೆ ಮಾಡಿದ್ದಾರೆ. ಮಣಿಪಾಲದಿಂದ ಎಪ್ಪತ್ತು ಕಿಲೋಮೀಟರಿಗೂ ಆಚೆ, ಜಿಲ್ಲೆಯ ಬಡಗು ತುದಿಯಲ್ಲಿರುವ ಈ ಊರಿಗೆ ಇವು ಸಣ್ಣ ಸಂಗತಿಗಳಲ್ಲ. ಆದರೆ ಇಷ್ಟೂ ಜೀವ ಉಳಿಸುವ ಮಾತಾಯಿತು. ಉಳಿದ ಜೀವ ಮತ್ತೆ ದುಡಿಮೆಗೆ ಹೋಗುವುದು ಹೇಗೆಂಬುದನ್ನು ಮಾಲೀಕರು ವೈದ್ಯರಿಗೆ ಬಿಟ್ಟಿದ್ದಾರೆ, ವೈದ್ಯರು ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿಗೆ ಬಿಟ್ಟಿದ್ದಾರೆ, ಸಂಘಗಳಾದ ನಾವು ಮನೆಯವರಿಗೆ ಬಿಟ್ಟಿದ್ದೇವೆ. ಕೆಲಸಕ್ಕೆ ಮರಳುವ ತಾರೀಕು ಗೊತ್ತುಮಾಡಿದರೆ ಜವಾಬ್ದಾರಿ ಮುಗಿಯಿತೆಂದು ಮೂವರೂ ನಂಬಿದ್ದೇವೆ. ಆ ತಾರೀಕಿನಿಂದ ಮುಂದಿನ ಒಂದು ವರ್ಷವೇ ನಿಜವಾದ ಪರೀಕ್ಷೆಯೆಂದು ನಾನು ವಾದಿಸುತ್ತೇನೆ.

ಮೊದಲಿಗೆ, ಮರಳುವುದೇ ತಪ್ಪು, ವಿಶ್ರಾಂತಿಯೇ ಮದ್ದು ಎಂಬ ನಂಬಿಕೆಯನ್ನು ನೋಡೋಣ. ಒಂದು ಕಾಲಕ್ಕೆ ವೈದ್ಯರೂ ಹೀಗೇ ನಂಬಿ ರೋಗಿಯನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. 1952ರಲ್ಲಿ ಸ್ಯಾಮ್ಯುಯೆಲ್ ಲಿವೈನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ ಆ ಪದ್ಧತಿಯನ್ನು ಪ್ರಶ್ನಿಸಿದರು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಮರುವರ್ಷವೇ ಚುನಾವಣೆ ಗೆದ್ದು ಇನ್ನೊಂದು ಅವಧಿ ಪೂರ್ತಿ ಆಳಿದರು. ಇಂದು ತೊಡಕಿಲ್ಲದೆ ಸ್ಟೆಂಟ್ ಹಾಕಿಸಿಕೊಂಡವರು ಹಗುರ ಕೆಲಸಕ್ಕೆ ಕೆಲವೇ ವಾರಗಳಲ್ಲಿ ಹೋಗಬಹುದು. ಬೈಪಾಸ್ ಆದವರಿಗೆ ಎದೆಯ ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಸುಮಾರು ನಾಲ್ಕು ಸಾವಿರ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗ-ಕೇರ್ ಪ್ರಯೋಗ ಇನ್ನೂ ಉಪಯುಕ್ತ. ಯೋಗ ಸಾವನ್ನು ತಡೆಯುತ್ತದೆಂದು ಅದು ಸಾಬೀತು ಮಾಡಲಿಲ್ಲ, ಯೋಗಪ್ರಿಯರು ಬೇಸರಿಸಬಾರದು. ಹಿಂದಿನ ಚಟುವಟಿಕೆಗಳಿಗೆ ಮರಳುವುದು ಯೋಗ ಕಲಿತವರಿಗೆ ಹೆಚ್ಚು ಸಾಧ್ಯವಾಯಿತೆಂಬುದನ್ನು ಮಾತ್ರ ತೋರಿಸಿತು. ದುಬಾರಿ ಯಂತ್ರಗಳಿಲ್ಲದೆ, ಪಂಚಾಯಿತಿ ಸಭಾಭವನದಲ್ಲೂ ನಡೆಸಬಹುದಾದ ಪುನಶ್ಚೇತನ ಅದು.

ಆದರೆ ಮರಳಿದವರೆಲ್ಲ ಉಳಿಯುತ್ತಾರೆಯೇ? ಡೆನ್ಮಾರ್ಕಿನಲ್ಲಿ ಮೊದಲ ಹೃದಯಾಘಾತವಾದ 22 ಸಾವಿರಕ್ಕೂ ಹೆಚ್ಚು ಮಂದಿ ದುಡಿಯುವವರ ದಾಖಲೆಗಳನ್ನು ನೋಡಿದ ಅಧ್ಯಯನ 2017ರಲ್ಲಿ ಬಂತು. ಒಂದು ವರ್ಷದೊಳಗೆ ಶೇ. 91 ಮಂದಿ ಕೆಲಸಕ್ಕೆ ಮರಳಿದ್ದರು. ಹಾಗೆ ಮರಳಿದವರಲ್ಲಿ ಶೇ. 24 ಮಂದಿ ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ದುಡಿಮೆಯಿಂದ ಹೊರಗಿದ್ದರು. ಚಿಕಿತ್ಸೆಯೂ ಸಾಮಾಜಿಕ ಭದ್ರತೆಯೂ ಗಟ್ಟಿಯಾಗಿರುವ ದೇಶದ ಕತೆ ಇದು. ಮಾತ್ರೆಯ ಸುಸ್ತು, ಎದೆ ಚುರುಕ್ಕೆಂದರೂ ಹುಟ್ಟುವ ಹೆದರಿಕೆ, ಮಂಕು, ಹಿಂದಿನ ವೇಗ ಬಾರದ ನಾಚಿಕೆ ಇವೆಲ್ಲ ಹಾಜರಿ ಹಾಕಿದ ಮೇಲೆ ಎದುರಾಗುವವು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ನುಂಗಬೇಕು. ಕತ್ತಿ, ಗಾಳ ಹಿಡಿಯುವ ಕೈಗೆ ಆದ ಸಣ್ಣ ಗಾಯವೂ ಆಗ ಬೇಗ ನಿಲ್ಲದೆ ಸುರಿಯುತ್ತದೆ.

ಹಾಗಾದರೆ ಮಾಡಬೇಕಾದದ್ದು ಅಳತೆ. ಟ್ರೆಡ್‌ಮಿಲ್ ಪರೀಕ್ಷೆ ಒಬ್ಬ ಮನುಷ್ಯ ಗರಿಷ್ಠ ಎಷ್ಟು ಶ್ರಮ ತಾಳಬಲ್ಲನೆಂದು ಹೇಳುತ್ತದೆ. ಎಂಟು ಗಂಟೆಯ ದುಡಿಮೆಯ ಸರಾಸರಿ ಶ್ರಮ ಆ ಗರಿಷ್ಠದ ಮೂರನೇ ಒಂದರಿಂದ ಶೇ. 40ರ ಒಳಗಿರಬೇಕೆಂಬುದು ವೈದ್ಯರು ಬಳಸುವ ಲೆಕ್ಕ. ಒಂದೇ ಗೇರುಬೀಜ ಕಾರ್ಖಾನೆಯಲ್ಲಿ ಮೂಟೆ ಹೊರುವ, ಬಿಸಿಯ ಎದುರು ನಿಲ್ಲುವ ಕೆಲಸವೂ ಇದೆ, ಕೂತು ತಿರುಳು ವಿಂಗಡಿಸುವ ಕೆಲಸವೂ ಇದೆ. ‘ಕೆಲಸಕ್ಕೆ ಅರ್ಹ’ ಎಂಬ ಪ್ರಮಾಣಪತ್ರ ಇವೆರಡರಲ್ಲಿ ಯಾವುದೆಂದು ಹೇಳುವುದಿಲ್ಲ. ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸಿಗಂತೂ ನಿಧಾನವಾಗುವುದೆಂದರೆ ಸಂಬಳ ಕಳೆದುಕೊಳ್ಳುವುದು. ಅವಳು ಒಂದೋ ಉಸಿರುಗಟ್ಟಿ ದುಡಿಯುತ್ತಾಳೆ, ಇಲ್ಲವೆ ಸದ್ದಿಲ್ಲದೆ ಬಿಡುತ್ತಾಳೆ.

ಮಾಲೀಕರ ಆಕ್ಷೇಪ ಗೊತ್ತಿದೆ: ಕೆಲಸದ ಜಾಗದಲ್ಲೇ ಏನಾದರೂ ಆದರೆ ಪರಿಹಾರ ನಮ್ಮ ತಲೆಗೆ ಬರುತ್ತದಲ್ಲ? ಕೆಲಸದ ಹೊತ್ತಿನಲ್ಲಿ ಹೃದಯಾಘಾತವಾಯಿತೆಂಬುದೊಂದೇ ಸಾಲದು, ಆ ಕೆಲಸದ ಒತ್ತಡಕ್ಕೂ ಸಾವಿಗೂ ಸಂಬಂಧ ತೋರಿಸಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅಳೆದು, ಬರೆದಿಟ್ಟು, ಹಗುರ ಕೆಲಸ ಕೊಟ್ಟ ಮಾಲೀಕನ ಸ್ಥಿತಿ ಇದರಿಂದ ಭದ್ರವೇ ಆಗುತ್ತದೆ. ಜೊತೆಗಾರರ ಗೊಣಗಾಟವೂ ಇದೆ: ಅವನಿಗೆ ಹಗುರ ಕೆಲಸ, ನಮಗೆ ಅದೇ ಸಂಬಳಕ್ಕೆ ಮೂಟೆ. ಇದನ್ನು ತಳ್ಳಿಹಾಕಲಾರೆ, ಆದರೆ ಹಗುರ ಕೆಲಸದ ಅವಧಿ ಮೊದಲೇ ನಿಗದಿಯಾಗಿ, ನಾಳೆ ತಮಗೂ ಅದೇ ನಿಯಮವೆಂದು ಗೊತ್ತಾದರೆ ಕಡಿಮೆಯಾದೀತು. ಚಾಲಕರ ವಿಷಯದಲ್ಲಿ ಮಾತ್ರ ನಾನು ಸಡಿಲಿಸುವುದಿಲ್ಲ. 2024ರ ನವೆಂಬರಿನಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸಿನ ಚಾಲಕ ಸ್ಟೇರಿಂಗ್ ಹಿಡಿದಲ್ಲೇ ಕುಸಿದು ತೀರಿಕೊಂಡಾಗ ಕಂಡಕ್ಟರ್ ಧಾವಿಸಿ ಬಸ್ಸು ನಿಲ್ಲಿಸಿದ್ದರಿಂದ ಪ್ರಯಾಣಿಕರು ಉಳಿದರು. ಪರೀಕ್ಷೆಯಲ್ಲಿ ಪೂರ್ತಿ ತೇರ್ಗಡೆಯಾಗದ ಚಾಲಕನಿಗೆ ಡಿಪೊದಲ್ಲಿ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಸಂಬಳ ಇಳಿದರೆ ಅವನು ಎದೆನೋವನ್ನೇ ಮುಚ್ಚಿಡುತ್ತಾನೆ.

ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. ಇಎಸ್‌ಐ ವ್ಯವಸ್ಥೆಯಲ್ಲಿ ಕಾಯಿಲೆಗೆ ವರ್ಷಕ್ಕೆ 91 ದಿನ ಶೇ. 70ರಷ್ಟು ಕೂಲಿ ಬರುತ್ತದೆ. ಹೃದಯದ ಪಂಪಿನ ಶಕ್ತಿ ಶೇ. 45ಕ್ಕಿಂತ ಇಳಿದ ಹೃದಯಾಘಾತದಂಥ ಗಂಭೀರ ಕಾಯಿಲೆಗಳಿಗೆ ಎರಡು ವರ್ಷದವರೆಗೂ ಶೇ. 80 ಸಿಗುತ್ತದೆ. ಆ ಭತ್ಯೆ ಪಡೆಯುವಾಗ ವಜಾ ಮಾಡಬಾರದೆಂದು 1948ರ ಇಎಸ್‌ಐ ಕಾಯ್ದೆಯ 73ನೇ ಕಲಮೇ ಹೇಳಿತ್ತು. ಆದರೆ ಭತ್ಯೆ ಬೇಕಾದರೆ ಪೂರ್ತಿ ಮನೆಯಲ್ಲಿರಬೇಕು, ಕೂಲಿ ಬೇಕಾದರೆ ಪೂರ್ತಿ ಪಾಳಿ ದುಡಿಯಬೇಕು. ಅರ್ಧ ದಿನ ದುಡಿದು ಉಳಿದರ್ಧಕ್ಕೆ ಭತ್ಯೆ ಪಡೆಯಲು ದಾರಿಯಿಲ್ಲ. ಹೃದಯಕ್ಕೆ ಬೇಕಾದದ್ದು ಅದೇ. ಈ ಸಮಾವೇಶ ಸರಕಾರದ ಮುಂದೆ ಇಡಬೇಕಾದ ಮೊದಲ ಬೇಡಿಕೆ ಇದು.

ಇನ್ನು ಅಳ್ವೆಗದ್ದೆ, ಗಂಗೊಳ್ಳಿಯ ದೋಣಿಗಳಿಗೆ ಬರೋಣ. ಅಲ್ಲಿ ಪಾಲಿನ ಲೆಕ್ಕ. ಸಂಬಳವಿಲ್ಲ, ಇಎಸ್‌ಐ ಇಲ್ಲ. ದಡದಿಂದ ಗಂಟೆಗಟ್ಟಲೆ ದೂರದಲ್ಲಿ ಬಲೆ ಎಳೆಯುವ ಕೆಲಸಕ್ಕೆ ಮೊದಲ ವರ್ಷ ಯಾರನ್ನೂ ಮರಳಿಸಬಾರದು. ಆದರೆ ಬಲೆ ದುರಸ್ತಿ, ಡೀಸೆಲ್ಲಿನ ಲೆಕ್ಕ, ಮೀನು ಹರಾಜಿನ ಉಸ್ತುವಾರಿ ಎಲ್ಲವೂ ದಡದಲ್ಲೇ ಇವೆ. ಆ ಒಂದು ವರ್ಷ ದಡದ ಕೆಲಸಕ್ಕೂ ದೋಣಿಯ ಪಾಲಿನಲ್ಲಿ ಒಂದಂಶ ಸಲ್ಲುವುದೆಂದು ಬರೆದುಕೊಳ್ಳಲು ಸರಕಾರದ ಅಪ್ಪಣೆ ಬೇಕಿಲ್ಲ. ಜೂನ್ ಒಂದರಿಂದ 61 ದಿನ ಯಾಂತ್ರಿಕ ದೋಣಿಗಳು ಹೇಗೂ ನಿಂತಿರುತ್ತವೆ. ದೋಣಿ ಮಾಲೀಕರೂ ಪಾಲುದಾರರೂ ಕೂತು ಒಪ್ಪಂದ ಬರೆಯಲು ಅಷ್ಟು ಸಮಯ ಸಾಕು.