ಮಿಡಿಗೇಶಿಯ ಒಂದು ಕೂದಲೆಳೆ

ಮಧುಗಿರಿಯಿಂದ ಪಾವಗಡದ ದಾರಿ ಹಿಡಿದರೆ ಕೋಟೆ ಹೊತ್ತ ಬೆಟ್ಟವೊಂದು ಎದುರಾಗುತ್ತದಲ್ಲ, ಅದರ ಬುಡದಲ್ಲಿದೆ ನಮ್ಮ ಮಿಡಿಗೇಶಿ. ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ರಾಜಕುಮಾರಿಯಿಂದ ಊರಿಗೆ ಆ ಹೆಸರು ಬಂತು ಅನ್ನುತ್ತಾರೆ ಹಿರಿಯರು. ಅವಳ ಒಂದು ಕೂದಲೆಳೆಯ ದಪ್ಪವನ್ನು ಸುಮಾರು 80,000 ಪಾಲು ಮಾಡಿ ನೋಡಿ. ಅದರಲ್ಲಿ ಒಂದು ಪಾಲೇ ನ್ಯಾನೋಮೀಟರ್. ಆ ಅಳತೆಯ ಕಣಗಳನ್ನು ಔಷಧಿ ಅಂತ ಮೈಯೊಳಗೆ ಬಿಟ್ಟರೆ ಮೈ ಅದಕ್ಕೆ ಒಗ್ಗೀತೇ?

ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ನಮ್ಮ ಕಡೆಯ ಕೊಳವೆ ಬಾವಿ ನೀರಿನಿಂದ. ಕಣ್ಣಿಗೆ ತಿಳಿನೀರು, ಕುಡಿದರೆ ದಾಹ ಆರುತ್ತಿತ್ತು. ಮೈ ಒಂದು ದಿನವೂ ಬೇಡ ಅನ್ನಲಿಲ್ಲ. ವರ್ಷಗಳಾದ ಮೇಲೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ದೊಡ್ಡವರ ಸೊಂಟ ಬಗ್ಗದು, ಮೊಣಕಾಲು ಮಡಚದು. ಆ ನೀರಿನಲ್ಲಿದ್ದ ಫ್ಲೋರೈಡು ಸದ್ದಿಲ್ಲದೆ ಮೂಳೆ ಸೇರಿತ್ತು.

ವೈದ್ಯರ ಲೋಕದಲ್ಲೂ ಹೀಗೇ ಆಗಿದೆ. 1930ರ ಸುಮಾರಿಗೆ ಥೊರೊಟ್ರಾಸ್ಟ್ ಅಂತ ಒಂದು ದ್ರವ ಬಂತು. ಅದರ ತುಂಬ ಥೋರಿಯಂ ಡೈಆಕ್ಸೈಡಿನ ನ್ಯಾನೋ ಕಣಗಳು. ರಕ್ತಕ್ಕೆ ಚುಚ್ಚಿ ಎಕ್ಸ್‌-ರೇ ತೆಗೆದರೆ ನಾಳಗಳು ಬರೆದಿಟ್ಟ ಹಾಗೆ ಕಾಣುತ್ತಿದ್ದವು. ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಮೆದುಳಿನ ನಾಳಗಳನ್ನು ಅದರಿಂದಲೂ ನೋಡಿದರು. ರೋಗಿಗೆ ಉರಿಯಿಲ್ಲ, ವಾಂತಿಯಿಲ್ಲ. ಎಲ್ಲರಿಗೂ ಸಮಾಧಾನ. ಆದರೆ ಆ ಕಣ ಮೈಯಿಂದ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಪಿತ್ತಜನಕಾಂಗದಲ್ಲಿ, ಗುಲ್ಮದಲ್ಲಿ ಕೂತು ವಿಕಿರಣ ಬೀರುತ್ತಲೇ ಇತ್ತು. 20, 30 ವರ್ಷ ಕಳೆದ ಮೇಲೆ ಕ್ಯಾನ್ಸರ್ ಕಾಣಿಸಿತು. ಚುಚ್ಚಿಸಿಕೊಂಡವರಲ್ಲಿ ಎಷ್ಟೋ ಜನ ಆ ಸೂಜಿಯನ್ನೇ ಮರೆತಿದ್ದಿರಬೇಕು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದರೂ ಮೈಗೆ ಒಗ್ಗುವ ಕಣ ಇದ್ದೀತೆಂಬ ನನ್ನ ಆಸೆ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ನ್ಯಾನೋ ತಿರುಪುಮೊಳೆಯಲ್ಲಿ.

ಆ ಸಂಸ್ಥೆಯ ವಿಜ್ಞಾನಿ ಅಂಬರೀಶ್ ಘೋಷ್ ಅವರು 2009ರಲ್ಲಿ, ಅಮೆರಿಕದಲ್ಲಿ ಇನ್ನೊಬ್ಬ ವಿಜ್ಞಾನಿ ಪೀರ್ ಫಿಶರ್ ಜೊತೆಗೂಡಿ, ಗಾಜಿನದೇ ವಸ್ತುವಾದ ಸಿಲಿಕಾದಿಂದ ಸುರುಳಿ ಮಾಡಿದರು. ಕಾಂತಕ್ಷೇತ್ರ ತಿರುಗಿಸಿದರೆ ಅದೂ ತಿರುಗುತ್ತದೆ, ಮರಕ್ಕೆ ಮೊಳೆ ಇಳಿದ ಹಾಗೆ ನೀರು ಕೊರೆದು ಮುಂದೆ ಹೋಗುತ್ತದೆ. ಬರೀ ಸಿಲಿಕಾ ಕಾಂತಕ್ಕೆ ಓಗೊಡುವುದಿಲ್ಲ, ಮೇಲೆ ಕಬ್ಬಿಣವೋ ಕೋಬಾಲ್ಟೋ ಬೇಕು. ಕೋಬಾಲ್ಟು ಜೀವಕೋಶಕ್ಕೆ ವಿಷ. ಕಬ್ಬಿಣವೋ, ನಮ್ಮ ನೇಗಿಲಿನ ಗುಳವನ್ನು ಮಳೆಗೆ ಬಿಟ್ಟ ಹಾಗೆ, ಉಪ್ಪಿನಂಶದ ರಕ್ತದಲ್ಲಿ ತುಕ್ಕು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಅವರ ತಂಡ ಆ ಮೊಳೆಗೆ ಜಿಂಕ್ ಫೆರೈಟಿನ ಅಂಗಿ ತೊಡಿಸಿತು, ಮೈಕ್ರೋವೇವ್ ಬಳಸಿ. 2014ರಲ್ಲಿ ಆ ಮೊಳೆ ನೀರು ಬೆರೆಸದ ಮನುಷ್ಯರ ರಕ್ತದಲ್ಲಿ ಈಜಿತು. ಅಂಗಿ ಜೀವಕೋಶಕ್ಕೂ ಒಗ್ಗಿತು. ಆ ಸುದ್ದಿ ಓದಿದ ದಿನ ಮನೆಯವರನ್ನೆಲ್ಲ ಕೂಗಿ ಕರೆದಿದ್ದೆ.

2022ರಲ್ಲಿ ಘೋಷ್ ತಂಡವೂ ಅದೇ ಸಂಸ್ಥೆಯಲ್ಲಿ ಹುಟ್ಟಿದ ಥೆರನಾಟಿಲಸ್ ಕಂಪನಿಯವರೂ ಸೇರಿ, ಕಬ್ಬಿಣದ ಲೇಪವಿದ್ದ ಇಂಥ ಮೊಳೆಗಳನ್ನು ಕಿತ್ತ ಹಲ್ಲಿಗೆ ಇಳಿಸಿದರು. ಹಲ್ಲಿನೊಳಗೆ ಬರಿಗಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿವೆ. ರೂಟ್ ಕೆನಾಲ್ ಮಾಡಿಸಿದರೂ ಕ್ರಿಮಿಗಳು ಅಲ್ಲಿ ಅಡಗಿ ಉಳಿಯಬಹುದು. ಮೊಳೆಗಳು 2,000 ಮೈಕ್ರೋಮೀಟರ್, ಅಂದರೆ ಎರಡು ಮಿಲಿಮೀಟರ್ ಆಳಕ್ಕೆ ಇಳಿದವು. ಅಲ್ಲಿ ಕಾಂತದಿಂದಲೇ ಕಾಯಿಸಿ ಕ್ರಿಮಿಗಳನ್ನು ಕೊಂದರು. ನಮ್ಮ ಸೀಮೆಯ ಹಲ್ಲಿನ ಕಂದು ಗೆರೆಗೆ ಇದು ಮದ್ದಲ್ಲ, ಆಸೆ ಹುಟ್ಟಿಸಬಾರದು.

ಈ ಪ್ರಯೋಗದ ವರದಿಯಲ್ಲಿ ನಾನು ಮೊದಲು ಹುಡುಕಿದ್ದು ಥೊರೊಟ್ರಾಸ್ಟಿಗೆ ಇಲ್ಲದ, ಹೊರಗೆ ಹೋಗುವ ಆ ದಾರಿಯನ್ನು. ಇತ್ತು. ಕೆಲಸ ಮುಗಿದ ಮೇಲೆ ಕಾಂತವನ್ನೇ ಬಳಸಿ, ಇಳಿಸಿದ ಮೊಳೆಗಳನ್ನು ಹಲ್ಲಿನಿಂದ ಹೊರಗೆ ಕರೆತಂದಿದ್ದರು.