ಟಿಕೆಟ್ಟಿಲ್ಲದ ಇರುಳು

ಮಹಾನಗರದ ಕ್ಲಬ್ಬುಗಳಲ್ಲಿ ವಿದ್ಯುನ್ಮಾನ ಸಂಗೀತಕ್ಕೆ ಕುಣಿಯಬೇಕಾದರೆ ಬಾಗಿಲಲ್ಲೇ ಹಣ ತೆರಬೇಕಂತೆ. ನಮ್ಮ ಶಹಾಬಾದಿನಲ್ಲಿ ಗಣಪತಿಯನ್ನು ಕಳುಹಿಸುವ ರಾತ್ರಿ ಆ ಸುಖ ಪುಕ್ಕಟೆ. ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಆಳೆತ್ತರದ ಧ್ವನಿಪೆಟ್ಟಿಗೆಗಳು, ಹಿಂದೆ ಜನರೇಟರು. ಖರ್ಚಿಗೆ ಓಣಿಯವರು ಕೂಡಿಸಿದ ಪಟ್ಟಿ. ಹಗಲೆಲ್ಲ ಗಣಿಯಲ್ಲಿ ಫರಸಿಕಲ್ಲು ಎತ್ತಿದ ಹುಡುಗರು, ವಾಡಿಯಿಂದ ರೈಲಿನಲ್ಲಿ ಬಂದ ಅವರ ಗೆಳೆಯರು, ಮೈಮರೆತು ಕುಣಿಯುತ್ತಾರೆ. ಅವರ ಸಂತೋಷವನ್ನು ನಾನು ಹೀಗಳೆಯಲಾರೆ.

ಆದರೆ 2019ರಲ್ಲಿ ನಾನು ಅಲ್ಲಿಗೆ ಹೋದದ್ದು ಜಗಳಕ್ಕೆ. ಮನೆಯಲ್ಲಿ ತಾಯಿಯವರು ಹೃದ್ರೋಗದಿಂದ ಮಲಗಿದ್ದರು. 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಇರುಳಿನ ಶಬ್ದಮಿತಿ 45 ಡೆಸಿಬೆಲ್. ನಮ್ಮ ಕಿಟಕಿಗಳೋ ಗಡಗಡ ನಡುಗುತ್ತಿದ್ದವು.

ಗುಂಪಿನ ಅಂಚಿನಲ್ಲಿ, ಹಿಂದೆಲ್ಲ ಮೆರವಣಿಗೆಯ ಮುಂದೆ ನಡೆಯುತ್ತಿದ್ದ ಹಲಗೆಯವನು ಹಲಗೆಯನ್ನು ಕಂಕುಳಲ್ಲಿಟ್ಟು ನಿಂತಿದ್ದ.

“ಆ ಪೆಟ್ಟಿಗಿಯೊಳಗ ಬಡೀತಿರೋದೂ ಹಲಗಿನೇ ರೀ, ಮಾಸ್ತರ್ರ. ಅದಕ್ಕ ಕೂಲಿ ಕೊಡೋದು ಬ್ಯಾಡ, ಅಷ್ಟೇ” ಎಂದ.

ನನ್ನ ಜಗಳ ನಾಲಗೆಯ ಮೇಲೆಯೇ ಉಳಿಯಿತು. ಅಷ್ಟರಲ್ಲಿ ಡೀಸೆಲ್ ತೀರಿ ಜನರೇಟರು ನಿಂತಿತು. ಕತ್ತಲಲ್ಲಿ ಹುಡುಗರು ಕೂಗಾಡಿದರು. ಯಾರೋ ಅವನನ್ನು ಮುಂದಕ್ಕೆ ಎಳೆದರು. ಡೀಸೆಲ್ ಬರುವ ತನಕ ಅವನು ಬಾರಿಸಿದ, ಅವರು ಕುಣಿದರು.

ಮನೆಗೆ ಬಂದಾಗ ತಾಯಿಯವರು ಎಚ್ಚರವಿದ್ದರು.

“ನಡುವ ಬಾರಿಸಿದಾಂವ ಯಾರಪ್ಪಾ?” ಎಂದು ಕೇಳಿದರು.